ಆರೋಗ್ಯ ಸಂಗಾತಿ: ಹೃದಯದ ಗುಳಿಗೆ ಯಕೃತ್ತಿಗೇಕೆ?



ಮನೆಯ ಹಿರಿಯರಿಗೆ ಲಿವರ್ ಸಿರೋಸಿಸ್ ಎಂದ ವೈದ್ಯರು ಹೃದಯದ ಗುಳಿಗೆ ಬರೆದುಕೊಟ್ಟರೆ, ಚೀಟಿ ಅದಲುಬದಲಾಯಿತೆಂದು ಗಾಬರಿಯಾಗಬೇಡಿ. ಗಡುಸಾದ ಯಕೃತ್ತಿನೊಳಗೆ ರಕ್ತ ಸಲೀಸಾಗಿ ಹರಿಯದು. ಕರುಳಿನಿಂದ ರಕ್ತ ತರುವ ಪೋರ್ಟಲ್ ಸಿರೆಯಲ್ಲಿ ಒತ್ತಡ ಏರಿ, ಅನ್ನನಾಳದ ಸಿರೆಗಳು ಉಬ್ಬುತ್ತವೆ. ಒಡೆದರೆ ರಕ್ತವಾಂತಿ, ಪ್ರಾಣಕ್ಕೇ ಅಪಾಯ.

ಫ್ರಾನ್ಸಿನ ಡಿಡಿಯೆ ಲೆಬ್ರೆಕ್ ಮತ್ತು ಸಂಗಡಿಗರು 1981ರಲ್ಲಿ, ಹೀಗೆ ರಕ್ತಸ್ರಾವವಾಗಿದ್ದ 74 ರೋಗಿಗಳ ಅಧ್ಯಯನ ಪ್ರಕಟಿಸಿದರು. ವರ್ಷದ ಕೊನೆಗೆ ಪ್ರೊಪ್ರನೊಲಾಲ್ ನುಂಗಿದವರಲ್ಲಿ ಶೇ. 96 ಮಂದಿಗೆ ಸ್ರಾವ ಮರುಕಳಿಸಿರಲಿಲ್ಲ, ಹುಸಿಗುಳಿಗೆಯವರಲ್ಲಿ ಶೇ. 50 ಮಾತ್ರ. ಈ ಗುಳಿಗೆ ಹೃದಯದ ವೇಗ ತಗ್ಗಿಸಿ, ಕರುಳಿನ ರಕ್ತನಾಳಗಳನ್ನು ಕಿರಿದಾಗಿಸಿ ಒತ್ತಡ ಇಳಿಸುತ್ತದೆ. ಇಂದು ಕಾರ್ವೆಡಿಲಾಲ್ ಕಡೆಗೆ ಹೆಚ್ಚು ಒಲವು. ಅಸ್ತಮಾ ಇದ್ದವರಿಗೆ ಇವೆರಡೂ ಸಲ್ಲವು.

"ಹುಷಾರಾಗಿದ್ದೇನಲ್ಲ, ಗುಳಿಗೆ ಯಾಕೆ?" ಎಂದು ಹಿರಿಯರು ತಾವೇ ನಿಲ್ಲಿಸುವುದುಂಟು. ನಿಲ್ಲಿಸಿದರೆ ಒತ್ತಡ ಮತ್ತೆ ಏರುತ್ತದೆ. ಡಾಂಬರಿನಂಥ ಕಪ್ಪು ಮಲ, ರಕ್ತವಾಂತಿ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಟರ್ಲಿಪ್ರೆಸಿನ್‌ನಂಥ ಚುಚ್ಚುಮದ್ದು, ಆಂಟಿಬಯೋಟಿಕ್, ಬಳಿಕ ಎಂಡೋಸ್ಕೋಪಿಯಿಂದ ಸಿರೆಗೆ ರಬ್ಬರ್ ಬಳೆ ಹಾಕುತ್ತಾರೆ.

ವೈದ್ಯರ ಇಂಗ್ಲಿಷನ್ನು ಮನೆಯಲ್ಲಿ ಕನ್ನಡದಲ್ಲಿ ತಿಳಿಹೇಳುವವರು ನೀವೇ ತಾನೆ? ಇದನ್ನೂ ಹೇಳಿ.