ದಾಳಿಂಬೆ ಸಿಪ್ಪೆಯ ಪರ್ಸೆಫನಿ



ಕಳೆದ ತಿಂಗಳ ಒಂದು ಭಾನುವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಸೀರೆಯಲ್ಲಿ ಸುತ್ತಿದ ಪ್ಲೈವುಡ್ ಹಲಗೆಯೊಂದನ್ನು ಹೊತ್ತು ಪಟ್ಟನಾಯಕನಹಳ್ಳಿಯ ನಮ್ಮ ಮನೆಗೆ ಬಂದಳು. ಹೆಸರು ಬರೆಯಬೇಡಿರೆಂದು ಆಕೆಯೇ ಕೇಳಿಕೊಂಡಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಹಲಗೆಯನ್ನು ಜಗಲಿಯ ಗೋಡೆಗೆ ಒರಗಿಸಿ ಸೀರೆ ಬಿಚ್ಚಿದಾಗ, ನಮ್ಮೂರ ತಿಪ್ಪೆಯನ್ನೇ ಯಾರೋ ತಂದು ಮೆತ್ತಿದ್ದಾರೆಂದು ಮೊದಲ ನೋಟಕ್ಕೆ ನನಗೆ ಅನಿಸಿದ್ದು ಸುಳ್ಳಲ್ಲ.

ಕೆಳಗಡೆ, ಕೊಳವೆಬಾವಿ ಕೊರೆಯುವಾಗ ಮೇಲೆ ಬರುವ ಬೂದುಬಣ್ಣದ ಕಲ್ಲುಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದಿದ್ದಾಳೆ. ಅದರ ಮೇಲೆ ಕಡಲೆಕಾಯಿ ಸಿಪ್ಪೆಗಳು ಉತ್ತ ಸಾಲುಗಳಂತೆ ಕೂತಿವೆ. ನಡುವೆ ಒಂದು ಕಪ್ಪು ವೃತ್ತ; ಅದು ಕೊಳವೆಬಾವಿಯ ಬಾಯಿ. ಅದರೊಳಗೆ ಅರ್ಧ ಇಳಿದಿರುವ ಹುಡುಗಿಯನ್ನು ಒಣಗಿದ ದಾಳಿಂಬೆ ಸಿಪ್ಪೆಯಿಂದ ಮಾಡಿದ್ದಾಳೆ. ಮೇಲೆ ಹರಿದ ಕರಿಕಂಬಳಿಯ ತುಂಡಿನ ಹೆಂಗಸೊಬ್ಬಳು ಬಾಗಿ ನಿಂತಿದ್ದಾಳೆ, ಆಕೆಗೆ ಮುಖವಿಲ್ಲ. ಆಕಾಶವೆಲ್ಲ ಹಳೆಯ ದಿನಪತ್ರಿಕೆಯ ಚೂರುಗಳು, ಅವುಗಳ ಮೇಲೆ ತೆಳುವಾದ ನೀಲಿ. ಹತ್ತಿರ ಹೋದರೆ ನೀಲಿಯ ಅಡಿಯಲ್ಲಿ 'ಬರ', 'ಮುಂಗಾರು' ಮುಂತಾದ ಅಕ್ಷರಗಳು ಕಾಣುತ್ತವೆ. ತೆರೆದ ಕೊಳವೆಬಾವಿಗೆ ಬಿದ್ದ ಮಕ್ಕಳ ಸುದ್ದಿಗಳನ್ನು ಓದಿರುವ ನಮಗೆ ಆ ಕಪ್ಪು ವೃತ್ತವನ್ನು ಬಹಳ ಹೊತ್ತು ನೋಡುವುದು ಸುಲಭವಲ್ಲ.

ಚಿತ್ರದ ವಸ್ತು ಗ್ರೀಕರ ಪರ್ಸೆಫನಿಯ ಕಥೆ. ಇದನ್ನು ತಾನು ಓದಿದ ಶಾಲೆಗೆ ಕೊಡಬೇಕೆಂಬುದು ಆಕೆಯ ಆಸೆ. "ರಾಮಾಯಣ ಮಹಾಭಾರತಗಳು ಮುಗಿದುಹೋದವೇ? ನಮ್ಮ ಮಕ್ಕಳಿಗೆ ಗ್ರೀಕರ ದೇವತೆ ಯಾಕೆ?" ಎಂದು ಊರಿನ ಕೆಲವು ಹಿರಿಯರು ಕೇಳಿದ್ದಾರೆ. ಹಾಗೆ ಕೇಳಿದವರಲ್ಲಿ ನನ್ನ ಭಾವಮೈದುನರೂ ಒಬ್ಬರು. ಅವರು ಈ ಬರಹಗಳನ್ನು ತಪ್ಪದೆ ಓದುತ್ತಾರೆ. ಆದ್ದರಿಂದ ನನ್ನ ಉತ್ತರವನ್ನು ಇಲ್ಲಿಯೇ ಬರೆಯುತ್ತಿದ್ದೇನೆ.

ಕಥೆ ಗೊತ್ತಿಲ್ಲದವರಿಗಾಗಿ ಎರಡು ಮಾತು. ಡಿಮೀಟರ್ ಧಾನ್ಯದ ದೇವತೆ. ಆಕೆಯ ಮಗಳು ಪರ್ಸೆಫನಿ ಹೂ ಬಿಡಿಸುತ್ತಿದ್ದಾಗ ನೆಲ ಬಿರಿದು ಪಾತಾಳದ ಒಡೆಯ ಹೇಡೀಸ್ ರಥವೇರಿ ಬಂದು ಆಕೆಯನ್ನು ಹೊತ್ತೊಯ್ದನು. ತಂದೆ ಜ್ಯೂಸ್ ಇದಕ್ಕೆ ಮೊದಲೇ ಒಪ್ಪಿಗೆ ಕೊಟ್ಟಿದ್ದನು. ತಾಯಿಯನ್ನಾಗಲಿ ಮಗಳನ್ನಾಗಲಿ ಯಾರೂ ಕೇಳಿರಲಿಲ್ಲ. ತಾಯಿ ದುಃಖದಿಂದ ಭೂಮಿಯ ಬೆಳೆಯನ್ನೇ ನಿಲ್ಲಿಸಿಬಿಟ್ಟಳು. ಬಿತ್ತಿದ್ದು ಮೊಳೆಯಲಿಲ್ಲ. ಕೊನೆಗೆ ದೇವತೆಗಳು ಮಣಿದು ಮಗಳನ್ನು ಹಿಂದಕ್ಕೆ ಕರೆಸಿದರು. ಆದರೆ ಆಕೆ ಪಾತಾಳದಲ್ಲಿ ದಾಳಿಂಬೆಯ ಬೀಜ ತಿಂದಿದ್ದಳಾದ್ದರಿಂದ ವರ್ಷದ ಮೂರರಲ್ಲಿ ಒಂದು ಭಾಗ ಕೆಳಗೆ, ಉಳಿದ ಕಾಲ ತಾಯಿಯ ಬಳಿ ಎಂದಾಯಿತು. ಹೋಮರನ ಹೆಸರಿನಲ್ಲಿ ಉಳಿದುಬಂದಿರುವ ಪ್ರಾಚೀನ ಸ್ತೋತ್ರವೊಂದರಲ್ಲಿ ಕಥೆ ಹೀಗಿದೆ. ಮಗಳು ಇಲ್ಲದ ಕಾಲವೆಂದರೆ ಚಳಿಗಾಲ ಎಂದು ಸಾಮಾನ್ಯವಾಗಿ ಹೇಳುವುದುಂಟು. ಆದರೆ ಗ್ರೀಸಿನಲ್ಲಿ ಹೊಲ ಒಣಗಿ ನಿಲ್ಲುವುದು ಬೇಸಿಗೆಯಲ್ಲಿ. ಆಕೆ ಮರೆಯಾಗುವುದು ಆಗಲೇ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಶಿರಾ, ಪಾವಗಡ, ಮಧುಗಿರಿಯ ನಮಗೆ ಈ ಎರಡನೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಭಾವನವರೇ, ಇದು ನಮಗೆ ಹೊರಗಿನ ಕಥೆಯೇ? ಭಾದ್ರಪದದಲ್ಲಿ ಗೌರಿ ತವರಿಗೆ ಬರುತ್ತಾಳೆ, ಬಾಗಿನ ಪಡೆದು ಹಿಂದಿರುಗುತ್ತಾಳೆ. ನಮ್ಮ ಸೀತೆ ಭೂಮಿಯಿಂದ ಬಂದು ಭೂಮಿಗೇ ಹೋದವಳು. ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಿಗೆ ಹೋದ ನಮ್ಮ ಹೆಣ್ಣುಮಕ್ಕಳು ಹಬ್ಬಕ್ಕೋ ಜಾತ್ರೆಗೋ ನಾಲ್ಕು ದಿನ ಬಂದು ಹೋಗುವುದನ್ನು ದಿನವೂ ಬಸ್‌ಸ್ಟ್ಯಾಂಡಿನಲ್ಲಿ ನೋಡುತ್ತಿಲ್ಲವೇ? ಅವರನ್ನು ಕಳಿಸಲು ಬಂದ ತಾಯಂದಿರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ನಿಂತಿರುತ್ತಾರೆ.

ಇನ್ನು ಗ್ರೀಕರಿಂದ ಪಡೆಯುವ ಮಾತು. ಕನ್ನಡದಲ್ಲಿ ಈ ದಾರಿಯನ್ನು ತೆರೆದ ಬಿ.ಎಂ.ಶ್ರೀಯವರು 1884ರಲ್ಲಿ ಹುಟ್ಟಿದ್ದು ನಮ್ಮ ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿಯೇ. ಸೊಫೋಕ್ಲಿಸನ 'ಅಜಾಕ್ಸ್' ನಾಟಕವನ್ನು ಆಧರಿಸಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. 1935ರಲ್ಲಿ ಈಸ್ಕಿಲಸನ ನಾಟಕವನ್ನು 'ಪಾರಸಿಕರು' ಎಂದು ತಂದರು. ಚಿರಂಜೀವಿಯೆಂದು ನಾವು ನಂಬಿದ ಅಶ್ವತ್ಥಾಮನು ಅವರ ನಾಟಕದಲ್ಲಿ ಸಾಯುತ್ತಾನೆ! ಗ್ರೀಕ್ ವೀರನ ಗತಿಯನ್ನು ತಂದು ನಮ್ಮ ಮಹಾಭಾರತದವನಿಗೆ ಅಂಟಿಸಿದ ಅದಕ್ಕಿಂತ ದೊಡ್ಡ ಕೊಲಾಜ್ ಯಾವುದಿದೆ? ಇಂದು ಅದನ್ನು ನಾವು ಹೆಮ್ಮೆಯಿಂದ ಪಾಠ ಮಾಡುತ್ತೇವೆ. (ಹಿಂದೆ ಅವರೂ ನಮ್ಮನ್ನು ನಾಟಕಕ್ಕೆ ಎಳೆದಿದ್ದರೋ ಏನೋ! ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ರಾಜನ ಕಡೆಯವರು ಆಡುವ ಮಾತು ಕನ್ನಡವೆಂದು 1904ರಲ್ಲಿ ಹುಲ್ಶ್ ಎಂಬ ವಿದ್ವಾಂಸರು ಸೂಚಿಸಿದರು. ಪಂಡಿತರಲ್ಲಿ ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.)

ಅಂಟಿಸಿದ್ದು ಚಿತ್ರವೇ ಎಂದು ಕೇಳಿದವರೂ ಇದ್ದಾರೆ. ಪಿಕಾಸೊ 1912ರಲ್ಲಿ ಬೆತ್ತದ ಕುರ್ಚಿಯ ಹೆಣಿಗೆ ಮುದ್ರಿಸಿದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ ಸುತ್ತಲೂ ಹಗ್ಗವನ್ನೇ ಚೌಕಟ್ಟು ಮಾಡಿದರು. ಅದಕ್ಕಿಂತ ಹೆಚ್ಚು ನಮಗೆ ಹತ್ತಿರದವರೆಂದು ನನಗೆ ತೋರುವವರು ಅಮೆರಿಕದ ಕಪ್ಪುವರ್ಣೀಯ ಕಲಾವಿದ ರೊಮಾರೆ ಬಿಯರ್ಡನ್. ಅವರು 1977ರಲ್ಲಿ ಹೋಮರನ ಒಡಿಸ್ಸಿಯನ್ನು 20 ಕೊಲಾಜ್‌ಗಳಲ್ಲಿ ಮಾಡಿದರು. ಅಲ್ಲಿ ಒಡಿಸ್ಯೂಸನೂ ಸರ್ಸಿಯೂ ಸಮುದ್ರದೇವತೆಯೂ ಕಪ್ಪು ಜನರೇ. ಮನೆ ಬಿಟ್ಟು ಹೋದವನು ಮನೆಗೆ ಮರಳುವ ಕಥೆ ತಮ್ಮ ಜನರದೂ ಹೌದೆಂದು ಅವರಿಗೆ ಕಂಡಿತ್ತು. ಈ ಹುಡುಗಿ ಆ ಚಿತ್ರಗಳನ್ನು ಮೊಬೈಲಿನಲ್ಲಿ ನನಗೆ ತೋರಿಸಿದಳು. "ಸಾರ್, ಅವರು ಮಾಡಬಹುದಾದ್ರೆ ನಾವ್ಯಾಕೆ ಮಾಡಬಾರದು?" ಎಂದಳು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಆಕೆ ಎಸ್.ಎಸ್.ಎಲ್.ಸಿ. ಮುಗಿಸಿದಾಗ ಆಕೆಯ ತಂದೆ ಬಂದು, "ಮೇಷ್ಟ್ರೇ, ಚಿತ್ರ ಬರೆಯೋದು ಕಲೀತೀನಿ ಅಂತಾಳೆ, ಏನು ಮಾಡಲಿ?" ಎಂದು ಕೇಳಿದ್ದರು. "ಅದೆಲ್ಲ ಹೊಟ್ಟೆಗಿಲ್ಲದ ವಿದ್ಯೆ, ಟಿ.ಸಿ.ಎಚ್.ಗೆ ಸೇರಿಸಿ" ಎಂದೆ. ಆಕೆ ಬಾಗಿಲ ಬಳಿಯೇ ನಿಂತಿದ್ದಳು. ಆಕೆಯನ್ನು ನಾನು ಕೇಳಲಿಲ್ಲ. ಆಕೆ ಟಿ.ಸಿ.ಎಚ್. ಮಾಡಿದಳು, ಕೆಲಸವೂ ಸಿಕ್ಕಿತು. ಕುಂಚ ಹಿಡಿದದ್ದು 20 ವರ್ಷಗಳ ನಂತರ, ತಾಯಿ ತೀರಿಕೊಂಡ ಮೇಲೆ. ಚಿತ್ರದಲ್ಲಿರುವ ಕಂಬಳಿ ಆ ತಾಯಿಯದು. ಜ್ಯೂಸ್ ಯಾರನ್ನೂ ಕೇಳದೆ ಒಪ್ಪಿಗೆ ಕೊಟ್ಟ ಭಾಗವನ್ನು ಆಕೆ ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಹಾಗೆಂದು ಚಿತ್ರದಲ್ಲಿ ಎಲ್ಲವನ್ನೂ ನಾನು ಮೆಚ್ಚಿದೆನೆಂದಲ್ಲ. ಮೂಲೆಯಲ್ಲಿ ಗ್ರೀಕ್ ಲಿಪಿಯಲ್ಲಿ ಹೆಸರು ಬರೆದಿದ್ದಾಳೆ, ಅದು ಆಡಂಬರ. ಬಳೆಯ ಚೂರುಗಳ ಮಿಂಚೂ ಬೇಕಿರಲಿಲ್ಲ. ಕೊಲಾಜಿನ ಅಪಾಯವೇ ಇದು: ಕೈಗೆ ಸಿಕ್ಕಿದ್ದೆಲ್ಲವೂ ಒಳಗೆ ಬಂದುಬಿಡುತ್ತದೆ. ಹಾಗೆಂದು ಹೇಳಿದೆ. ಬಳೆಚೂರು ತೆಗೆಯಲು ಒಪ್ಪಿದಳು, ಲಿಪಿಯ ವಿಷಯದಲ್ಲಿ ಒಪ್ಪಲಿಲ್ಲ. ಈ ಸಲ ನಾನು ಒತ್ತಾಯಿಸಲಿಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ: ಚಿತ್ರವನ್ನು ಶಾಲೆ ಸ್ವೀಕರಿಸಬೇಕು, ಮಕ್ಕಳು ಹತ್ತಿರ ನಿಂತು ನೋಡುವ ಎತ್ತರದಲ್ಲಿ ತೂಗುಹಾಕಬೇಕು. ಬಿಸಿಲು ಬಿದ್ದರೆ ಕಡಲೆಕಾಯಿ ಸಿಪ್ಪೆ ಬಿಟ್ಟುಕೊಳ್ಳುತ್ತದಂತೆ. ಆದ್ದರಿಂದ ಉತ್ತರದ ಗೋಡೆ ಒಳ್ಳೆಯದು. ಅಲ್ಲಿಯವರೆಗೆ ಅದು ನಮ್ಮ ನಡುಮನೆಯಲ್ಲಿದೆ. ಭಾವನವರಿಗೆ ಫೋನ್ ಮಾಡಿ ಬಂದು ನೋಡಿರೆಂದೆ. ಮಳೆ ಬಂದರೆ ಬಿತ್ತನೆಯ ಕೆಲಸವಿದೆ, ಬರದಿದ್ದರೆ ಬುಧವಾರ ಬರುತ್ತೇನೆ ಎಂದಿದ್ದಾರೆ.