ಸಾಮ್ರಾಜ್ಯದ ಬೆಳ್ಳಿತೆರೆಯಲ್ಲಿ ಮೈಸೂರಿನ ಮಾವುತನ ಮಗ

ಹಾಲಿವುಡ್ಡಿನಲ್ಲಿ ಹೆಸರು ಗಳಿಸಿದ ಮೊದಮೊದಲ ಭಾರತೀಯ ನಟರಲ್ಲಿ ಒಬ್ಬನಾದ ಸಾಬು ಮೈಸೂರು ಸೀಮೆಯವನೆಂದು ಹೊರನಾಡಿನ ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುವುದುಂಟು. ಅಭಿಮಾನ ಸಹಜವೇ. ಆದರೆ ಆ ಕೀರ್ತಿ ಯಾವ ಬಗೆಯ ಪಾತ್ರಗಳಿಂದ ಬಂದಿತೆಂದು ವಿಚಾರಿಸುವವರು ವಿರಳ.

1924ರಲ್ಲಿ ಮೈಸೂರು ಸಂಸ್ಥಾನದ ಕಾರಾಪುರದಲ್ಲಿ ಮಾವುತನ ಮಗನಾಗಿ ಜನಿಸಿದ ಸಾಬು ಆನೆಗಳ ನಡುವೆಯೇ ಬೆಳೆದವನು. ರಾಬರ್ಟ್ ಫ್ಲಾಹರ್ಟಿಯವರ ಚಿತ್ರತಂಡ ಮೈಸೂರಿಗೆ ಬಂದಾಗ ಅವರ ಕಣ್ಣಿಗೆ ಬಿದ್ದ. ಕಿಪ್ಲಿಂಗನ ಕಥೆಯನ್ನಾಧರಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಕಂಡಿತು. ಮೈಸೂರಿನ ಕಾಡು, ಆನೆಯ ಬೆನ್ನ ಮೇಲೆ ನಿರಾಯಾಸವಾಗಿ ಕುಳಿತ ಹುಡುಗನ ನಗು ಇಂದಿಗೂ ಮನಸ್ಸನ್ನು ಸೂರೆಗೊಳ್ಳುತ್ತವೆ. ಆದರೆ ಕಥೆಯ ಸೂತ್ರ ಪೀಟರ್ಸನ್ ಸಾಹೇಬನ ಕೈಯಲ್ಲಿದೆ. ಸಾಹೇಬನಿಗೆ ಕಾಡಾನೆಗಳು ಬೇಕು. ಅವು ಇರುವ ನೆಲೆ ಹುಡುಗನಿಗೆ ತಿಳಿಯುತ್ತದೆ. ಆ ಅರಿವು ಸಾಹೇಬನ ಕಾರ್ಯಕ್ಕೆ ಒದಗಿದಾಗಲೇ ಅವನಿಗೆ ಮನ್ನಣೆ.

ಮರುವರ್ಷದ ‘ದಿ ಡ್ರಮ್’ ಚಿತ್ರದಲ್ಲಿ ಇಷ್ಟು ಮುಸುಕೂ ಇಲ್ಲ. ವಾಯವ್ಯ ಗಡಿಯ ರಾಜ್ಯವೊಂದರ ಎಳೆಯ ರಾಜಕುಮಾರನಾಗಿ ಸಾಬು ಡೋಲು ಬಾರಿಸಿ ಬ್ರಿಟಿಷ್ ಸೈನಿಕರನ್ನು ಎಚ್ಚರಿಸುತ್ತಾನೆ. ಬ್ರಿಟಿಷರನ್ನು ವಿರೋಧಿಸುವ ಚಿಕ್ಕಪ್ಪನೋ ಕಪಟಿ, ಭ್ರಾತೃಹಂತಕ. ಆ ಪಾತ್ರಕ್ಕೆ ಮುಖಕ್ಕೆ ಬಣ್ಣ ಬಳಿದುಕೊಂಡು ನಿಂತವರು ಕೆನಡಾದ ರೇಮಂಡ್ ಮ್ಯಾಸಿ. 1939ರ ಅಮೆರಿಕನ್ ಚಿತ್ರ ‘ಗಂಗಾ ದೀನ್’ನಲ್ಲಿ ನೀರು ಹೊರುವ ಬಡಪಾಯಿ ಕಹಳೆಯೂದಿ ಪಡೆಯನ್ನು ಉಳಿಸಿ ತಾನು ಸಾಯುತ್ತಾನೆ, ಸತ್ತ ಮೇಲೆ ಅವನಿಗೆ ಸೈನಿಕ ಗೌರವ! ಆ ಪಾತ್ರಧಾರಿ ಸ್ಯಾಮ್ ಜಾಫೆ ನ್ಯೂಯಾರ್ಕಿನವರು. ಡೋಲಾದರೇನು, ಕಹಳೆಯಾದರೇನು, ಭಾರತೀಯನ ಕೈಗೆ ವಾದ್ಯವಿತ್ತದ್ದು ಆಳುವವರ ಪ್ರಾಣರಕ್ಷಣೆಗಾಗಿ ಮಾತ್ರ.

ಮನರಂಜನೆಯ ಚಿತ್ರಗಳಲ್ಲಿ ರಾಜಕೀಯವನ್ನೇಕೆ ಹುಡುಕಬೇಕೆಂದು ಕೆಲವರು ಕೇಳುವರು. 1938ರ ಮುಂಬಯಿಯ ಪ್ರೇಕ್ಷಕರಿಗೆ ಹಾಗೆನಿಸಲಿಲ್ಲ. ಅಲ್ಲಿ ‘ದಿ ಡ್ರಮ್’ ವಿರುದ್ಧ ಉಗ್ರ ಪ್ರತಿಭಟನೆ ನಡೆದು ಪ್ರದರ್ಶನವನ್ನೇ ನಿಲ್ಲಿಸಬೇಕಾಯಿತು. ಕಾಲವನ್ನು ಗಮನಿಸಬೇಕು: 1937ರಲ್ಲಿ ಮುಂಬಯಿ ಮೊದಲಾದ ಪ್ರಾಂತಗಳಲ್ಲಿ ಚುನಾಯಿತ ಮಂತ್ರಿಮಂಡಲಗಳು ಅಧಿಕಾರ ವಹಿಸಿಕೊಂಡಿದ್ದವು. ಹೊರಗೆ ಭಾರತೀಯರು ಆಡಳಿತ ನಡೆಸುತ್ತಿದ್ದಾಗ, ಚಿತ್ರಮಂದಿರದ ಕತ್ತಲಲ್ಲಿ ಅವರಿಗೆ ಉಳಿದಿದ್ದುದು ಎರಡೇ ವೇಷ: ಸ್ವಾಮಿಭಕ್ತ ಇಲ್ಲವೇ ದ್ರೋಹಿ. ತನ್ನ ನಾಡಿಗಾಗಿ ನಿಲ್ಲುವ ಸಜ್ಜನನಿಗೆ ಆ ಕಥೆಗಳಲ್ಲಿ ಎಡೆಯೇ ಇರಲಿಲ್ಲ.

ಇದಕ್ಕಾಗಿ ಹದಿಹರೆಯದ ಹುಡುಗನನ್ನು ದೂರುವುದು ಅನ್ಯಾಯ. ಆ ಚಿತ್ರಗಳನ್ನು ಮೂಲೆಗೆ ತಳ್ಳುವುದೂ ಸಲ್ಲದು. ಮಕ್ಕಳಿಗೆ ತೋರಿಸುವವರು ಆನೆಯನ್ನೂ ತೋರಿಸಲಿ, ಸಾಹೇಬನ ಕುರ್ಚಿಯನ್ನೂ ತೋರಿಸಲಿ.

ಮುಂದೆ ಅಮೆರಿಕದ ಪೌರತ್ವ ಪಡೆದು, ಎರಡನೆಯ ಮಹಾಯುದ್ಧದಲ್ಲಿ ಅಲ್ಲಿನ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಸಾಬು, 1963ರಲ್ಲಿ ತಮ್ಮ 39ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ‘ಮದರ್ ಇಂಡಿಯಾ’ ಚಿತ್ರದಲ್ಲಿ ಸಾಹುಕಾರನ ವಿರುದ್ಧ ದಂಗೆಯೇಳುವ ಬಿರ್ಜುವಿನ ಪಾತ್ರಕ್ಕೆ ಮೆಹಬೂಬ್ ಖಾನರು ಮೊದಲು ಅವರನ್ನೇ ಯೋಚಿಸಿದ್ದರು. ಅದು ಕೈಗೂಡಲಿಲ್ಲ, 1957ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ಬಂಡಾಯಗಾರನ ಪಾತ್ರ ಸುನಿಲ್ ದತ್ತರ ಪಾಲಾಯಿತು.