ಮದ್ಯವ್ಯಸನ: ಕೇಳುವವರಿಗೆ ದಾರಿ ಹೇಳುವವರಾರು?

ಮದ್ಯಪಾನದ ದುಷ್ಪರಿಣಾಮಗಳನ್ನು ಕುರಿತು ಕೇಳದ ಕುಟುಂಬ ನಮ್ಮಲ್ಲಿ ಇರಲಾರದು. ಭಾನುವಾರದ ಪ್ರಬೋಧನೆಗಳಲ್ಲಿ, ತಪಸ್ಸುಕಾಲದ ಧ್ಯಾನಕೂಟಗಳಲ್ಲಿ, ಮಹಿಳಾ ಸಂಘಟನೆಗಳ ಸಭೆಗಳಲ್ಲಿ ಈ ವಿಷಯ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಕುಡಿತ ಕೆಟ್ಟದ್ದೆಂಬುದು ಕುಡಿಯುವವನಿಗೂ ಗೊತ್ತು. ಆದರೆ ಬಿಡಲೆತ್ನಿಸಿ ಸೋತವನು ಎಲ್ಲಿಗೆ ಹೋಗಬೇಕು, ಅವನ ಪತ್ನಿ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಉತ್ತರ ತಿಳಿದಿರುವ ಮನೆಗಳು ಬಹಳ ಕಡಿಮೆ. ಉತ್ತರ ಇಲ್ಲವೆಂದಲ್ಲ. ಕೇಳಲು ನಮಗೆ ಅಂಜಿಕೆ. ಕೇಳಿದರೆ ಮನೆಯ ಗುಟ್ಟು ರಟ್ಟಾದೀತೆಂಬ ಭಯ.

ಈ ಭಯಕ್ಕೆ ಕುಟುಂಬಗಳು ತೆರುತ್ತಿರುವ ಬೆಲೆ ಸಣ್ಣದಲ್ಲ. ಯಜಮಾನನಿಗೆ ಜ್ವರವೆಂದು ಪತ್ನಿ ಕಚೇರಿಗೆ ಸುಳ್ಳು ಹೇಳುತ್ತಾಳೆ. ಮಗನ ಸಾಲವನ್ನು ತಾಯಿ ಒಡವೆ ಅಡವಿಟ್ಟು ತೀರಿಸುತ್ತಾಳೆ. ಮಕ್ಕಳು ಗೆಳೆಯರನ್ನು ಮನೆಗೆ ಕರೆಯುವುದನ್ನೇ ನಿಲ್ಲಿಸುತ್ತಾರೆ. ಹೀಗೆ ಹತ್ತು ಹದಿನೈದು ವರ್ಷಗಳು ಉರುಳುತ್ತವೆ. ನಿಜಾಂಶವೆಂದರೆ ನೆರೆಹೊರೆಗೆ ಎಲ್ಲವೂ ತಿಳಿದೇ ಇರುತ್ತದೆ. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

1935ರ ಮೇ ತಿಂಗಳಲ್ಲಿ ಅಮೆರಿಕದ ಆಕ್ರನ್ ಪಟ್ಟಣದ ಒಂದು ಹೋಟೆಲಿನಲ್ಲಿ ಬಿಲ್ ವಿಲ್ಸನ್ ಎಂಬ ವ್ಯಾಪಾರಿ ಒಂಟಿಯಾಗಿ ನಿಂತಿದ್ದರು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೈಕೊಟ್ಟಿತ್ತು, ಎದುರಿಗೇ ಮದ್ಯದಂಗಡಿಯಿತ್ತು. ತನ್ನಂತೆಯೇ ನರಳುವ ಇನ್ನೊಬ್ಬನೊಡನೆ ಮಾತನಾಡಿದರೆ ಮಾತ್ರ ತಾನು ಉಳಿಯಬಲ್ಲೆನೆಂದು ಅರಿತ ಅವರು, ಹೋಟೆಲಿನಲ್ಲಿದ್ದ ದೇವಾಲಯಗಳ ಪಟ್ಟಿಯನ್ನು ನೋಡಿ ದೂರವಾಣಿ ಮಾಡಿದರು. ಕರೆಯನ್ನು ಸ್ವೀಕರಿಸಿದ ಸಭಾಪಾಲಕರು ಕೆಲವು ಹೆಸರುಗಳನ್ನು ಕೊಟ್ಟರು. ಆ ಎಳೆಯನ್ನು ಹಿಡಿದು ಹೋದಾಗ ಅವರಿಗೆ ದೊರೆತವರು ಶಸ್ತ್ರವೈದ್ಯ ಬಾಬ್ ಸ್ಮಿತ್. ಈ ಇಬ್ಬರ ಭೇಟಿಯಿಂದ ಹುಟ್ಟಿದ್ದೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಹೆಸರು ಬಹಿರಂಗಪಡಿಸದ ಮದ್ಯವ್ಯಸನಿಗಳ ಬಳಗ. 1957ರಲ್ಲಿ ಅದು ದೆಹಲಿಯ ಮೂಲಕ ಭಾರತಕ್ಕೂ ಬಂದಿತು.

ಇದು ಬೇರೊಂದು ಧರ್ಮವೇ ಎಂಬ ಅನುಮಾನ ನಮ್ಮ ಕೆಲವು ಹಿರಿಯರಲ್ಲಿದೆ. ಆರಂಭದ ದಿನಗಳಲ್ಲೇ ಕಥೋಲಿಕರು ಈ ಬಳಗಕ್ಕೆ ನೆರವಾದರೆಂಬುದನ್ನು ಅವರು ನೆನೆಯುವುದು ಒಳಿತು. 1939ರಲ್ಲಿ ಆಕ್ರನ್‌ನ ಸಂತ ಥಾಮಸ್ ಆಸ್ಪತ್ರೆಯಲ್ಲಿ ಮದ್ಯವ್ಯಸನಿಗಳಿಗೆ ಹಾಸಿಗೆ ಒದಗಿಸಿಕೊಟ್ಟವರು ಕನ್ಯಾಸ್ತ್ರೀ ಇಗ್ನೇಷಿಯಾ. ಬಳಗದ ಹನ್ನೆರಡು ಮೆಟ್ಟಿಲುಗಳಿಗೂ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳಿಗೂ ಇರುವ ಹೋಲಿಕೆಯನ್ನು ಕಂಡು, 1940ರಲ್ಲಿ ಬಿಲ್ ವಿಲ್ಸನ್ನರನ್ನು ಭೇಟಿಯಾಗಿ ಅವರ ಆತ್ಮೀಯ ಮಾರ್ಗದರ್ಶಕರಾದವರು ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್. ತನ್ನ ತಪ್ಪುಗಳನ್ನು ಇನ್ನೊಬ್ಬರ ಮುಂದೆ ಒಪ್ಪಿಕೊಳ್ಳುವ ಐದನೆಯ ಮೆಟ್ಟಿಲು ಪಾಪನಿವೇದನೆ ಸಂಸ್ಕಾರದ ಸ್ಥಾನವನ್ನು ತೆಗೆದುಕೊಳ್ಳುವುದಿಲ್ಲ. ಎಷ್ಟೋ ಮಂದಿಯನ್ನು ಮರಳಿ ಆ ಸಂಸ್ಕಾರದ ಬಳಿಗೆ ಕರೆತಂದೀತು.

ಸಭೆಯಲ್ಲಿ ನಡೆಯುವುದಾದರೂ ಏನು? ಪ್ರವೇಶಶುಲ್ಕವಿಲ್ಲ, ಅರ್ಜಿಯಿಲ್ಲ. ಕುಡಿತ ನಿಲ್ಲಿಸಬೇಕೆಂಬ ಇಚ್ಛೆಯೊಂದೇ ಅರ್ಹತೆ. ಒಬ್ಬೊಬ್ಬರೂ ತಮ್ಮ ಅನುಭವ ಹೇಳುತ್ತಾರೆ. ಮಾತನಾಡಲು ಮನಸ್ಸಿಲ್ಲದವರು ಸುಮ್ಮನೆ ಕುಳಿತು ಕೇಳಬಹುದು. ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಮನೆಯ ಮಾನಕ್ಕೆ ಅಂಜುವವರು ಇದನ್ನು ಗಮನಿಸಬೇಕು. ಈ ದಾರಿಯ ಪ್ರಯೋಜನವನ್ನು ಸಂಶೋಧನೆಯೂ ಪರೀಕ್ಷಿಸಿದೆ. 27 ಅಧ್ಯಯನಗಳನ್ನು ಒಳಗೊಂಡ 2020ರ ಕಾಕ್ರೇನ್ ಪರಾಮರ್ಶೆಯ ಪ್ರಕಾರ, ರೋಗಿಗಳನ್ನು ವ್ಯವಸ್ಥಿತವಾಗಿ ಈ ಬಳಗದತ್ತ ಕರೆದೊಯ್ಯುವ ಚಿಕಿತ್ಸೆಯು ಸಂಪೂರ್ಣ ವರ್ಜನೆಯನ್ನು ಉಳಿಸಿಕೊಳ್ಳುವುದರಲ್ಲಿ ಇತರ ಮಾನ್ಯ ಚಿಕಿತ್ಸೆಗಳಿಗಿಂತ ಮಿಗಿಲಾದ ಫಲ ನೀಡಿತ್ತು.

ಹತ್ತಿರದ ಸಭೆಯನ್ನು ಹುಡುಕುವುದು ಕಷ್ಟದ ಕೆಲಸವಲ್ಲ. ಬಳಗದ ಭಾರತೀಯ ಸೇವಾ ಕಚೇರಿ ಮುಂಬೈಯಲ್ಲಿದೆ. ಊರುಗಳ ಸಭೆಗಳ ವಿವರವನ್ನು ಅಲ್ಲಿ ಪಡೆಯಬಹುದು. ಕೇಂದ್ರ ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕಾಗಿ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳೂ ಹಳ್ಳಿಗಾಡಿನಲ್ಲಿ ಪರಿಚಿತ. ಶಿಬಿರ ಮುಗಿಸಿದವರು ಮುಂದೆಯೂ ಒಟ್ಟುಗೂಡಲು ನವಜೀವನ ಸಮಿತಿಗಳಿವೆ. ವಿಚಾರಿಸುವಾಗ ಸಭೆ ಯಾವ ಭಾಷೆಯಲ್ಲಿ ನಡೆಯುತ್ತದೆ, ಎಲ್ಲರಿಗೂ ತೆರೆದದ್ದೇ ಅಥವಾ ವ್ಯಸನಿಗಳಿಗೆ ಮಾತ್ರವೇ ಎಂಬುದನ್ನು ಕೇಳಿಕೊಳ್ಳಿ. ಮೊದಲ ದಿನ ಹಿಡಿಸದಿದ್ದರೆ ಬೇರೊಂದು ಸಭೆಗೆ ಹೋಗಿ ನೋಡಿ.

ಒಂದು ಎಚ್ಚರಿಕೆ ಅಗತ್ಯ. ವರ್ಷಗಟ್ಟಲೆ ದಿನವೂ ಅತಿಯಾಗಿ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಮೊದಲ ಕೆಲವು ದಿನಗಳಲ್ಲಿ ನಡುಕ, ಸೆಳೆತ, ಭ್ರಮೆಗಳು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಇಂಥವರನ್ನು ಹರಕೆ ಹೊರಿಸಿ ಕೋಣೆಯಲ್ಲಿ ಕೂಡಿಹಾಕುವುದು ತಪ್ಪು. ಮೊದಲು ವೈದ್ಯರು, ಜೊತೆಗೆ ಸಭೆ.

ಅವನು ಬರಲೊಪ್ಪದಿದ್ದರೆ? ಆಗಲೂ ಕುಟುಂಬ ಕೈಚೆಲ್ಲಬೇಕಾಗಿಲ್ಲ. ಬಿಲ್ ವಿಲ್ಸನ್ನರ ಪತ್ನಿ ಲೋಯಿಸ್ ಮತ್ತು ಸಂಗಡಿಗರು 1951ರಲ್ಲಿ ವ್ಯಸನಿಗಳ ಮನೆಯವರಿಗಾಗಿಯೇ ಅಲ್-ಅನಾನ್ ಬಳಗವನ್ನು ಕಟ್ಟಿದರು. ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಇದೆ. ಕುಡಿತಕ್ಕೆ ತಾನು ಕಾರಣಳಲ್ಲವೆಂದು ಪತ್ನಿ ಅರಿಯುವುದು, ಸುಳ್ಳು ಹೇಳಿ ಅವನನ್ನು ರಕ್ಷಿಸುವುದನ್ನು ನಿಲ್ಲಿಸುವುದು, ತನ್ನ ಮತ್ತು ಮಕ್ಕಳ ನೆಮ್ಮದಿಯನ್ನು ಕಾಯ್ದುಕೊಳ್ಳುವುದು ಅಲ್ಲಿ ಸಾಧ್ಯವಾಗುತ್ತದೆ. ಹೊಡೆತಬಡಿತವಿರುವ ಮನೆಯಲ್ಲಂತೂ ಸಹನೆಯ ಹೆಸರಿನಲ್ಲಿ ಆಕೆಯನ್ನು ಹಿಂದಕ್ಕೆ ಕಳುಹಿಸುವುದು ಯಾವ ಧರ್ಮವೂ ಅಲ್ಲ.

ಇನ್ನು ನಮ್ಮ ಧರ್ಮಕೇಂದ್ರಗಳ ಹೊಣೆ. ದೇವಾಲಯದ ಸೂಚನಾ ಫಲಕದಲ್ಲಿ ವಿವಾಹದ ಕರೆಗಳೊಡನೆ ಹತ್ತಿರದ ಸಭೆಯ ಸ್ಥಳ, ವಾರ, ವೇಳೆಯೂ ಕಾಣಲಿ. ಸಂಜೆ ಬರಿದಾಗಿರುವ ಸಭಾಭವನದ ಒಂದು ಕೋಣೆಯನ್ನು ವಾರಕ್ಕೊಮ್ಮೆ ಬಿಟ್ಟುಕೊಡೋಣ. ರೋಸ್ ಮತ್ತು ಮದುವೆಯ ಔತಣಗಳಲ್ಲಿ, ಒಲ್ಲೆನೆಂದವನ ಕೈಗೆ ಲೋಟ ತುರುಕುವ ಪದ್ಧತಿಯನ್ನು ಬಿಡೋಣ. ಚೇತರಿಸಿಕೊಳ್ಳುತ್ತಿರುವವರು ಪಾನಪಾತ್ರೆಯಿಂದ ಸ್ವೀಕರಿಸಬೇಕಾದ ನಿರ್ಬಂಧವಿಲ್ಲ. ರೊಟ್ಟಿಯ ರೂಪವೊಂದರಲ್ಲೇ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂಬುದು ಧರ್ಮಸಭೆಯ ಬೋಧನೆ.

ಆಕ್ರನ್‌ನಲ್ಲಿ ಒಬ್ಬ ಸಭಾಪಾಲಕರು ದೂರವಾಣಿಗೆ ಕಿವಿಗೊಟ್ಟದ್ದರಿಂದ ಒಬ್ಬನ ಜೀವ ಉಳಿಯಿತು, ಅವನಿಂದ ಸಹಸ್ರಾರು ಜೀವಗಳು ಉಳಿದವು. ಇಂದು ರಾತ್ರಿ ನಮ್ಮ ಗುರುನಿವಾಸಕ್ಕೋ ನಮ್ಮ ಮನೆಗೋ ಅಂಥದೊಂದು ಕರೆ ಬಂದರೆ ನಾವು ಹೇಳಬಹುದಾದ ವಿಳಾಸ ನಮ್ಮಲ್ಲಿದೆಯೇ? ಇಲ್ಲವಾದರೆ ಈ ವಾರವೇ ವಿಚಾರಿಸಿ ಬರೆದಿಟ್ಟುಕೊಳ್ಳೋಣ. ಕೇಳುವವರು ಬಹಳ ಕಾಲ ಕಾಯಲಾರರು.